ಚುಕ್ಕಿ ಅಲ್ಲಿಂದ, ಗೆರೆ ಇಲ್ಲಿಂದ

ಚಿಕ್ಕಂದಿನಲ್ಲಿ ಅಕ್ಕನಿಗೆ ಬಂದ ಜ್ವರ ಇಳಿಯುವಾಗ ಅವಳ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತಂತೆ. ಹಾಗೆಂದು ಅಮ್ಮ ಹೇಳುತ್ತಿದ್ದಳು. ನಾನಾಗ ಇನ್ನೂ ಹುಟ್ಟಿರಲಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅಕ್ಕ ಕಿವಿ ಕೇಳದವಳೇ. ಶಾಲೆ ಬಿಟ್ಟಿದ್ದಳು. ನಿಧಾನವಾಗಿ ಕೂಡಿಸಿಕೊಂಡು ನಾಲ್ಕು ಮಾತು ಓದುವಳು, ಎರಡು ಮಾತು ಬರೆಯುವಳು. ಬಾಯಿಂದ ಬರುತ್ತಿದ್ದ ಮಾತು ಮನೆಯವರಿಗೆ ಮಾತ್ರ ತಿಳಿಯುತ್ತಿತ್ತು. ಅಮ್ಮನಿಗೋ ಓದು ಬರಹ ಎರಡೂ ಬರುತ್ತಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ರಂಗೋಲಿ.

ಮುಳಬಾಗಿಲಿನ ನಮ್ಮ ಮನೆಯ ಬಾಗಿಲಲ್ಲಿ ಬೆಳಗ್ಗೆ ಅಮ್ಮ ನೀರು ಹಾಕಿ ಸಾರಿಸಿ, ಚುಕ್ಕಿ ಇಟ್ಟು ಪಕ್ಕಕ್ಕೆ ಸರಿಯುವಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಗೆರೆ ಎಳೆಯುವಳು. ಎಲ್ಲಾದರೂ ತಪ್ಪಿದರೆ ಅಮ್ಮ ಬಾಗಿ ಕೈಯಲ್ಲಿ ಒರೆಸುವಳು, ಅಕ್ಕ ಮುಖ ಊದಿಸಿಕೊಂಡು ಮತ್ತೆ ಎಳೆಯುವಳು. ನಾನು ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಾ ನೋಡುತ್ತಿದ್ದೆ. ಅವರಿಬ್ಬರೂ ಅಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಏನೆಂದು ಗೊತ್ತಾಗುತ್ತಿರಲಿಲ್ಲ.

ಅಕ್ಕನನ್ನು ಶ್ರೀನಿವಾಸಪುರದ ಆಚೆ ಮಾವಿನ ತೋಟದ ಮನೆಗೆ ಕೊಟ್ಟರು. ಭಾವ ಒಳ್ಳೆಯವರು, ಮಾತಿನ ಮನುಷ್ಯರು. ಕಿವಿ ಕೇಳದ ಹೆಂಡತಿಯ ಎದುರಿಗೂ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಲೇ ಇರುತ್ತಿದ್ದರು. ಆದರೆ ರಂಗೋಲಿಯಲ್ಲಿ ಮಾತಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಅಕ್ಕ ಚೀಲ ಕೆಳಗಿಡುವ ಮೊದಲೇ ಅಮ್ಮನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗುವಳು. ತಿಂಗಳುಗಟ್ಟಲೆ ಒಳಗೆ ಕೂಡಿಟ್ಟಿದ್ದನ್ನೆಲ್ಲ ಆ ಒಂದೆರಡು ದಿನದಲ್ಲಿ ಪುಡಿಯಲ್ಲಿ ಹರವಿ ಹೋಗುವಳು.

ತಂದೆ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು. ನನ್ನನ್ನು ಕೊಟ್ಟದ್ದು ಅದೇ ಊರಿಗೆ, ಎರಡು ಬೀದಿ ಆಚೆಗೆ. ನಮ್ಮ ಮನೆಯವರು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಗೂ ಕೋಲಾರದ ಕೆಲವು ಅಂಗಡಿಗಳಿಗೂ ಲೆಕ್ಕ ಬರೆಯುತ್ತಿದ್ದರು. ಅದಕ್ಕಾಗಿ ಮುಂದಿನ ಕೋಣೆಯಲ್ಲಿ ಫೋನಿನ ಪಕ್ಕ ಒಂದು ಫ್ಯಾಕ್ಸ್ ಮೆಷಿನ್ ಇಟ್ಟಿದ್ದರು. ಸುರುಳಿ ಕಾಗದದ್ದು. ಆಚೆಯಿಂದ ಕರೆ ಬಂದಾಗ ಅದು ಕೀ ಎಂದು ಕೂಗಿ, ಕಾಗದವನ್ನು ಇಷ್ಟಿಷ್ಟೇ ಹೊರಗೆ ನೂಕುತ್ತಿತ್ತು. ಅಮ್ಮ ಅದನ್ನು ಕೂಗುಮಾರಿ ಎಂದು ಕರೆಯುತ್ತಿದ್ದಳು.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಆಪರೇಷನ್ ಆಯಿತು, ಆದರೆ ಎದ್ದು ಓಡಾಡುವಂತಾಗಲಿಲ್ಲ. ನಡುಮನೆಯ ಮಂಚವೇ ಅವಳ ಜಾಗವಾಯಿತು. ಬಾಗಿಲ ರಂಗೋಲಿ ನನ್ನ ಪಾಲಿಗೆ ಬಂತು. ನಾನು ಇಡುವುದು ಒಂದೇ, ನಾಲ್ಕು ಎಸಳಿನ ಹೂವು. ಅಮ್ಮ ಮಂಚದಿಂದಲೇ ಕೇಳುವಳು, "ಇವತ್ತೂ ಅದೇ ಹೂವೇನೇ? ವಾಡಿಪೋಲೇದಾ ಇನ್ನೂ?" ನಮ್ಮ ಕಡೆಯವರೆಲ್ಲರಂತೆ ಅವಳಿಗೂ ಗೇಲಿ ಮಾಡುವಾಗ ತೆಲುಗು ತಾನಾಗಿ ಬರುತ್ತಿತ್ತು. ಬಾಡಿ ಹೋಗಲಿಲ್ಲವಾ ಎಂದು ಕೇಳುತ್ತಿದ್ದಳು.

ಅದೇ ಹೊತ್ತಿಗೆ ಅಕ್ಕ ಬರುವುದು ಕಡಿಮೆಯಾಯಿತು. ಅವಳ ಅತ್ತೆಯೂ ಹಾಸಿಗೆ ಹಿಡಿದಿದ್ದರು, ಅವರನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಮ್ಮ ಗೋಡೆಯ ಕಡೆ ತಿರುಗಿ ಮಲಗತೊಡಗಿದಳು. ಊಟಕ್ಕೆ ಎಬ್ಬಿಸಿದರೆ, "ಅವಳು ಯಾರ ಹತ್ರ ಹೇಳ್ಕೋತಾಳೆ ಕಣೇ? ಹೊಟ್ಟೇಲೇ ಇಟ್ಕೊಂಡು ಒಣಗಿ ಹೋಗ್ತಾಳೆ" ಎನ್ನುವಳು. ಬೇರೆ ಯಾವ ನೋವನ್ನೂ ಅವಳು ಬಾಯಿ ಬಿಟ್ಟು ಹೇಳಿದವಳಲ್ಲ.

ಹೀಗಿರುವಾಗ ಒಂದು ದಿನ ಭಾವನ ಫೋನು ಬಂತು.

"ಏನಮ್ಮಾ, ನಮ್ಮನೆಗೂ ಫೋನು ಬಂತು! ಕಂಬಾನೂ ಇಲ್ಲ, ತಂತೀನೂ ಇಲ್ಲ!"

ತೋಟದ ಮನೆಗೆ ತಂತಿ ಎಳೆಯಿರಿ ಎಂದು ಅವರು ಅರ್ಜಿ ಹಾಕಿ ಎಷ್ಟೋ ವರ್ಷವಾಗಿತ್ತು. ಮಾವಿನ ಕಾಲದಲ್ಲಿ ಹೊರಗಿನ ವ್ಯಾಪಾರಿಗಳು, ಹಣ್ಣಿನ ರಸದ ಕಾರ್ಖಾನೆಯವರು ಫ್ಯಾಕ್ಸಿನಲ್ಲಿ ಆರ್ಡರ್ ಕಳಿಸುವವರು. ಅದಕ್ಕೆ ಭಾವ ಪ್ರತಿ ಸಲ ಪೇಟೆಗೆ ಓಡಬೇಕಿತ್ತು. ಈಗ ಯಾರೋ ಹೇಳಿದರೆಂದು ಒಂದು ಡಬ್ಬ ತಂದಿದ್ದರು. ಟಿಫಿನ್ ಡಬ್ಬದಷ್ಟೇ ದೊಡ್ಡದು. ಅದರೊಳಗೆ ಮೊಬೈಲಿನ ಸಿಮ್ ಹಾಕಬೇಕು, ಹಿಂದಿನ ತೂತಿಗೆ ಮಾಮೂಲಿ ಫೋನಿನ ವೈರು ಸಿಕ್ಕಿಸಬೇಕು. ಡಬ್ಬ ಗಾಳಿಯಲ್ಲಿ ಟವರಿನ ಜೊತೆ ಮಾತಾಡುತ್ತದೆ, ಫೋನಿಗೆ ಮಾತ್ರ ತಂತಿಯೇ ಬಂದಿದೆ ಎಂದು ನಂಬಿಸುತ್ತದೆ. ಆಂಟೆನಾವನ್ನು ಬಿದಿರಿನ ಗಳುವಿಗೆ ಕಟ್ಟಿ ಮನೆಯ ಮೇಲೆ ನಿಲ್ಲಿಸಿದ್ದರು.

ಮಾತು ಚೆನ್ನಾಗಿ ಕೇಳಿತು. ಹಳೆಯ ಫ್ಯಾಕ್ಸ್ ಮೆಷಿನ್ ಒಂದನ್ನು ಕೊಂಡು ಅದಕ್ಕೆ ಸಿಕ್ಕಿಸಿದರೆ ಅದು ಮಾತ್ರ ನಡೆಯಲಿಲ್ಲ. ನಮ್ಮ ಮನೆಗೇ ಪರೀಕ್ಷೆ ಮಾಡಿದರು. ಎರಡು ಮೆಷಿನ್ನುಗಳೂ ಒಂದಕ್ಕೊಂದು ಸಿಳ್ಳೆ ಹಾಕಿಕೊಂಡು, ಕಾಗದ ಬೆರಳಗಲ ಬರುವಷ್ಟರಲ್ಲಿ ಜಗಳವಾಡಿದಂತೆ ಕಡಿದುಕೊಳ್ಳುತ್ತಿದ್ದವು. ಕೊನೆಗೆ ಕೋಲಾರದಿಂದ ರಿಪೇರಿಯವನನ್ನು ಕರೆಸಿದರು. ಅವನು ಹೇಳಿದ್ದನ್ನು ಭಾವ ನಮಗೆ ಹಾಗೇ ಒಪ್ಪಿಸಿದರು. "ಈ ದಾರಿ ಮನುಷ್ಯರ ಗಂಟಲಿಗೆ ಅಂತ ಮಾಡಿರೋದಂತಮ್ಮಾ. ಮಾತನ್ನ ಹಿಂಡಿ ಹಿಂಡಿ ಕಳಿಸುತ್ತಂತೆ. ಮೆಷಿನ್ ಸಿಳ್ಳೆ ಹಾಗೆ ಹಿಂಡಿದ್ರೆ ಸತ್ತು ಹೋಗುತ್ತಂತೆ. ಫ್ಯಾಕ್ಸಿಗೆ ಅಂತ ಕಂಪ್ನಿಯವರೇ ಬೇರೆ ದಾರಿ ಬಿಡ್ಬೇಕು, ಬೇರೆ ನಂಬರ್ ಕೊಡ್ಬೇಕು. ಮಾತಿಗೊಂದು ನಂಬರ್, ಸಿಳ್ಳೆಗೊಂದು ನಂಬರ್. ಮದುವೇಲಿ ಗಂಡಿನ ಕಡೆಗೊಂದು ಪಂಕ್ತಿ, ಹೆಣ್ಣಿನ ಕಡೆಗೊಂದು ಪಂಕ್ತಿ ಹಾಕಲ್ವಾ, ಹಂಗೆ!"

ಬೇರೆ ನಂಬರ್ ಬಂತು, ಫ್ಯಾಕ್ಸ್ ನಡೆಯಿತು. ನಿಧಾನ. ಒಂದು ಪುಟ ಬರುವಷ್ಟರಲ್ಲಿ ನಾನು ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಂಡು ಬರಬಹುದಿತ್ತು. ಬೆಳಗ್ಗೆ ಬೇಗ ಆದರೆ ಸಲೀಸು. ಹೊತ್ತೇರಿದಂತೆ ದಾರಿಯಲ್ಲಿ ಜನ ಹೆಚ್ಚಿದ ಹಾಗೆ ತಡವರಿಸುತ್ತಿತ್ತು.

ಅದರಲ್ಲಿ ರಂಗೋಲಿ ಕಳಿಸಬಹುದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಅಕ್ಕನಿಗೆ. ಭಾವ ಕಾಗದ ಇಟ್ಟು ನಂಬರ್ ಒತ್ತುವುದನ್ನು ಅವಳು ಪಕ್ಕದಲ್ಲಿ ನಿಂತು ನೋಡಿಕೊಂಡಿದ್ದಳು. ಅವಳಿಗೆ ಸಿಳ್ಳೆ ಕೇಳದು. ಮೆಷಿನ್ನಿನ ಮೇಲೆ ಅಂಗೈ ಇಟ್ಟು ಅದರ ಅದುರುವಿಕೆಯಿಂದಲೇ, ಇದು ಕರೆಯುತ್ತಿದೆ, ಇದು ಸಿಕ್ಕಿತು, ಇದು ಮುಗಿಯಿತು ಎಂದು ತಿಳಿದುಕೊಂಡಿದ್ದಳು.

ಒಂದು ಬೆಳಗ್ಗೆ ನಮ್ಮ ಕೂಗುಮಾರಿ ಕೂಗಿತು. ಬಂದ ಹಾಳೆ ಪೂರ್ತಿ ಬಿಳಿ. ಮೇಲೆ ಭಾವನ ನಂಬರ್ ಬಿಟ್ಟರೆ ಒಂದು ಗೆರೆಯಿಲ್ಲ. "ಅಕ್ಕನ ಮನೆಯಿಂದ ಏನೋ ಖಾಲಿ ಕಾಗದ ಬಂದಿದೆ" ಎಂದು ನಾನು ಅಮ್ಮನಿಗೆ ತೋರಿಸಿದೆ. ಅಮ್ಮನ ಮುಖ ಬಿಳುಪೇರಿತು.

"ಏಮಯಿಂದೇ ಅಕ್ಕಡ? ಏನಾಯ್ತೇ ಅಲ್ಲಿ? ಬಾಗಿಲಿಗೆ ರಂಗೋಲಿ ಇಟ್ಟಿಲ್ಲ ಅಂತ ಕಳ್ಸಿದಾಳೆ ಕಣೇ. ಅವಳತ್ತೆ ಹೋಗಿಬಿಟ್ರೇನೋ. ಮೊದಲು ಫೋನ್ ಮಾಡು!"

ಸಾವಾದ ಮನೆಯ ಬಾಗಿಲಿಗೆ ರಂಗೋಲಿ ಇಡುವುದಿಲ್ಲ. ಇಟ್ಟದ್ದಿದ್ದರೂ ನೀರು ಹಾಕಿ ಅಳಿಸುತ್ತೇವೆ. ಅಮ್ಮ ಓದಿದ್ದು ಅದನ್ನು. ನಾನು ಫೋನು ಮಾಡಿದರೆ ಭಾವ, "ನಮ್ಮಮ್ಮನಾ? ಎರಡು ದೋಸೆ ತಿಂದು ಮೂರನೇದು ಯಾಕೆ ಸೀದಿದೆ ಅಂತ ಬೈತಾ ಇದಾರೆ!" ಎಂದರು. ಆದದ್ದೇನೆಂದರೆ, ಅವರ ಮೆಷಿನ್ನಿಗೆ ಬರೆದ ಮುಖ ಕೆಳಗೆ ಬರುವಂತೆ ಕಾಗದ ಇಡಬೇಕು. ಅಕ್ಕ ಹಾಳೆಯ ಮೇಲೆ ರಂಗೋಲಿ ಬರೆದು, ಮುಖ ಮೇಲೆ ಮಾಡಿ ಇಟ್ಟಿದ್ದಳು. ರಂಗೋಲಿಯನ್ನು ಯಾರಾದರೂ ಬೋರಲು ಹಾಕುತ್ತಾರೆಯೇ? ಅಮ್ಮ ಅವತ್ತು ನಕ್ಕಷ್ಟು ಬಿದ್ದ ಮೇಲೆ ಯಾವತ್ತೂ ನಕ್ಕಿರಲಿಲ್ಲ.

ಎರಡನೆಯ ಸಲ ರಂಗೋಲಿಯೇ ಬಂತು, ಅರ್ಧ. ಡಬ್ಬದ ದಾರಿಯಲ್ಲಿ ಸಣ್ಣ ಚುಕ್ಕಿಗಳೆಲ್ಲ ಉದುರಿಹೋಗಿದ್ದವು, ಬಳ್ಳಿಯ ತಿರುವುಗಳು ಮೆಟ್ಟಿಲು ಮೆಟ್ಟಿಲಾಗಿದ್ದವು. ಅಮ್ಮ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಇಲಿ ಕಡಿದಂಗಿದೆ" ಎಂದಳು. ಮುಂದಿನ ದಿನಗಳಲ್ಲಿ ಅಕ್ಕ ಕೈ ಬದಲಿಸಿಕೊಂಡಳು. ದಪ್ಪ ಕಪ್ಪು ಸ್ಕೆಚ್ ಪೆನ್ನು ತರಿಸಿದಳು. ಚುಕ್ಕಿಯನ್ನು ಸಾಸಿವೆಯಷ್ಟು ಇಡುತ್ತಿದ್ದವಳು ಕಡಲೆಕಾಳಿನಷ್ಟು ಇಟ್ಟಳು. ಆಮೇಲೆ ಗೆರೆ ಎಳೆಯುವುದನ್ನೇ ಬಿಟ್ಟಳು. ಬರೀ ಚುಕ್ಕಿ ಬಂದವು.

ನಾನು ಮತ್ತೆ ಮೆಷಿನ್ ಕೆಟ್ಟಿತೆಂದುಕೊಂಡೆ. ಅಮ್ಮ ಮಾತ್ರ ದಿಂಬಿಗೆ ಒರಗಿ ಕೂತು, "ಪೆನ್ನು ಕೊಡೇ" ಎಂದಳು. ಮೊರವನ್ನು ತೊಡೆಯ ಮೇಲೆ ಬೋರಲು ಹಾಕಿಸಿಕೊಂಡು, ಅದರ ಮೇಲೆ ಹಾಳೆ ಹರವಿ ಗೆರೆ ಎಳೆದಳು. ಸುರುಳಿ ಸುತ್ತಿಕೊಳ್ಳುವ ಆ ಕಾಗದದ ಮೂಲೆಗಳನ್ನು ನಾನು ಒತ್ತಿ ಹಿಡಿದಿದ್ದೆ. ಮುಗಿದ ಮೇಲೆ ಅದನ್ನೇ ತಿರುಗಿ ಅಕ್ಕನಿಗೆ ಕಳಿಸಿದೆ. ಹಿಂದೆ ಚುಕ್ಕಿ ಇಡುತ್ತಿದ್ದವಳು ಅಮ್ಮ, ಈಗ ಅಕ್ಕ. ಚುಕ್ಕಿ ಅಲ್ಲಿಂದ, ಗೆರೆ ಇಲ್ಲಿಂದ.

ಅದು ದಿನದ ಕೆಲಸವಾಯಿತು. ಕಾಫಿಯ ಲೋಟ ಕೈಗೆ ಕೊಡುವ ಮೊದಲೇ ಅಮ್ಮ, "ಕೂಗ್ತಾ?" ಎಂದು ಕೇಳುವಳು. ನಮ್ಮ ಮನೆಯವರು ಗೊಣಗುವರು, "ಕಾರ್ಖಾನೆ ಕಾಗದಕ್ಕಿಂತ ನಿಮ್ಮ ಚುಕ್ಕಿಗೇ ರೋಲು ಜಾಸ್ತಿ ಖರ್ಚಾಗ್ತಿದೆ." ಗೊಣಗಿದರೂ ರೋಲು ಮುಗಿಯುವ ಮೊದಲೇ ಹೊಸದು ತಂದಿಡುವರು.

ಚುಕ್ಕಿಗಳನ್ನು ನೋಡಿ ಅಮ್ಮ ಸುದ್ದಿ ಹೇಳುತ್ತಿದ್ದಳು. "ಅವಳತ್ತೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವಂತೆ." "ತೋಟಕ್ಕೆ ಕಾಯಿ ಕೀಳೋಕೆ ಜನ ಬಂದಿದಾರಂತೆ." "ಇವಳಿಗೆ ಇವತ್ತು ಯಾಕೋ ಬೇಜಾರು."

"ಎಲ್ಲಿದೆಯಮ್ಮಾ ಅದು? ಎಲ್ಲಾ ಚುಕ್ಕೀನೂ ಒಂದೇ ಥರ ಇದೆ."

"ಇದೆ ಕಣೇ, ನೋಡು. ಈ ಸಾಲು ಒಂಚೂರು ಒಳಗೆ ಸರಿದಿದೆ. ಇಲ್ಲಿ ಒಂದು ಬಿಟ್ಟಿದಾಳೆ. ನಿಂಗೆ ಕಾಣಲ್ಲ ಬಿಡು."

ಮುದುಕಿ ಹೊತ್ತು ಹೋಗಲೆಂದು ಕಟ್ಟಿ ಹೇಳುತ್ತಾಳೆ ಎಂದುಕೊಂಡು ನಾನು ಒಂದೆರಡು ಸಲ ಭಾವನನ್ನು ಕೇಳಿದೆ. ಹೇಳಿದ್ದೆಲ್ಲ ನಿಜವಾಗಿತ್ತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗುವುದನ್ನು ಬಿಟ್ಟಳು. ಅಕ್ಕನೂ ಮೈ ತುಂಬಿಕೊಂಡಿದ್ದಾಳೆ ಎಂದರು ಭಾವ. ಅವಳು ಒಬ್ಬಳೇ ಇದ್ದಾಗ ಗಂಟಲಲ್ಲಿ ಏನೋ ಗುನುಗುತ್ತಾಳಂತೆ, ಅವಳಿಗೇ ಕೇಳದ ಗುನುಗು.

ಎರಡು ಮಾವಿನ ಕಾಲ ಹೀಗೆ ಕಳೆಯಿತು. ಮೂರನೆಯದರಲ್ಲಿ ಅಮ್ಮನ ಕೈ ಸೋಲತೊಡಗಿತು. ಗೆರೆ ಅರ್ಧಕ್ಕೆ ನಿಲ್ಲಿಸಿ ಕಣ್ಣು ಮುಚ್ಚುವಳು. ಆಮೇಲೆ ಎಚ್ಚರವಾಗಿ ಅಲ್ಲಿಂದಲೇ ಮುಂದುವರಿಸುವಳು.

ಅವತ್ತು ಬೆಳಗ್ಗೆ ಭಾವ ಹಣ್ಣಿನ ಲಾರಿಯ ಜೊತೆ ಚಿತ್ತೂರಿನ ಕಡೆಗೆ ಹೊರಟವರು ನಮ್ಮ ಮನೆ ಮುಂದೆ ಇಳಿದು ಒಂದು ಬುಟ್ಟಿ ಮಾವು ಇಟ್ಟರು. ಅಮ್ಮನ ಮಂಚದ ಹತ್ತಿರ ನಿಂತು, "ಏನತ್ತೇ, ನಿಮ್ಮ ಮಗಳು ಇವತ್ತು ನಂಗಿಂತ ಮೊದ್ಲೇ ಎದ್ದು ಚುಕ್ಕಿ ಇಡ್ತಿದ್ಲು" ಎಂದರು. ಅಮ್ಮ ನಕ್ಕಳು. ಭಾವ ಹೋದ ಸ್ವಲ್ಪ ಹೊತ್ತಿಗೆ ಚುಕ್ಕಿಯ ಹಾಳೆ ಬಂತು. ಅಮ್ಮ ಅದನ್ನು ಎದೆಯ ಮೇಲಿಟ್ಟುಕೊಂಡು, "ಆಮೇಲೆ ಎಳೀತೀನಿ. ಒಂದು ಗಳಿಗೆ ಕಣ್ಣು ಮುಚ್ಚಿರ್ತೀನಿ" ಎಂದಳು. ನಾನು ಅನ್ನಕ್ಕೆ ಇಟ್ಟು ಬಂದು ನೋಡಿದಾಗ ಎದೆಯ ಮೇಲಿನ ಹಾಳೆ ಅಲುಗುತ್ತಿರಲಿಲ್ಲ.

ಅಕ್ಕಪಕ್ಕದವರು ಬಂದರು. ಅಮ್ಮನನ್ನು ಕೆಳಗೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದರು. ಎದುರು ಮನೆಯ ಅಜ್ಜಿ ಒಂದು ಬಿಂದಿಗೆ ನೀರು ತಂದು ಬಾಗಿಲಲ್ಲಿದ್ದ ನನ್ನ ನಾಲ್ಕೆಸಳಿನ ಹೂವನ್ನು ಅಳಿಸಿದರು. ಅಕ್ಕನಿಗೆ ಹೇಳಬೇಕು. ಭಾವನ ಮೊಬೈಲಿಗೆ ಮಾಡಿದರೆ, ಅವರು ಅದಾಗಲೇ ಆಂಧ್ರದ ಗಡಿಯ ನಂಗಲಿ ದಾಟಿದ್ದರು. ಗಡಿಯಾಚೆ ಆ ಮೊಬೈಲಿಗೆ ಜೀವವಿರಲಿಲ್ಲ. ಡಬ್ಬದ ಮಾತಿನ ನಂಬರಿಗೆ ಮಾಡಿದರೆ ಆ ಮನೆಯಲ್ಲಿ ಏಳಲಾಗದ ಅತ್ತೆ, ಕೇಳಲಾಗದ ಅಕ್ಕ. ಫೋನು ಬಡಿದುಕೊಂಡು ಸುಮ್ಮನಾಯಿತು.

ನಮ್ಮ ಮನೆಯವರು ಕಾರು ಗೊತ್ತು ಮಾಡಿ ತಾವೇ ಹೊರಟರು. ಅಕ್ಕನ ಅತ್ತೆಯನ್ನು ನೋಡಿಕೊಳ್ಳಲು ತಮ್ಮ ಸೋದರತ್ತೆಯನ್ನು ಜೊತೆಗೆ ಕೂರಿಸಿಕೊಂಡರು. ಹೊರಡುವಾಗ ನನ್ನನ್ನು ಬದಿಗೆ ಕರೆದು, "ಇವಳೇ, ನಾನು ಹೋಗೋಷ್ಟರಲ್ಲಿ ಒಂದು ಫ್ಯಾಕ್ಸ್ ಹಾಕಿಬಿಡು. ನಾನು ಹೋಗಿ ನಿಮ್ಮಕ್ಕನಿಗೆ ಕೈಸನ್ನೆಯಲ್ಲಿ ಹೇಗೆ ಹೇಳಲಿ? ನನ್ನಿಂದ ಆಗಲ್ಲ" ಎಂದರು.

ನಾನು ಹಾಳೆ ತೆಗೆದೆ. ನಮ್ಮಲ್ಲಿ ಏನು ಬರೆದರೂ ತಲೆಯ ಮೇಲೆ ಶ್ರೀ ಹಾಕಿ ಶುರು ಮಾಡುತ್ತೇವೆ, ಸಾವಿನ ಸುದ್ದಿಗೆ ಹಾಕುವುದಿಲ್ಲ. ಶ್ರೀ ಹಾಕಲಿಲ್ಲ. ಆದರೆ ಕೈಗೆ ಅದರ ಜಾಗ ಬಿಡುವ ರೂಢಿ. ಆ ಜಾಗವನ್ನು ಬಿಟ್ಟು, ಇನ್ನಷ್ಟು ಬಿಟ್ಟು, ಹಾಳೆಯ ನಡುವೆ ಅಕ್ಕ ಓದಬಲ್ಲಷ್ಟು ದೊಡ್ಡದಾಗಿ ಬರೆದೆ: ಅಮ್ಮ ಹೋದಳು. ಬಾ.

ಹೊತ್ತೇರಿತ್ತು. ಡಬ್ಬದ ದಾರಿ ತಡವರಿಸುವ ಹೊತ್ತು. ಮೆಷಿನ್ ಸಿಳ್ಳೆ ಹಾಕಿತು, ಕಾಗದವನ್ನು ಸ್ವಲ್ಪ ಎಳೆದುಕೊಂಡಿತು, ಕಡಿಯಿತು. ಮತ್ತೆ ಇಟ್ಟೆ. ಮತ್ತೆ ಕಡಿಯಿತು. ಆ ಕಡೆ ಅಕ್ಕನಿಗೆ ಏನು ಸಿಕ್ಕಿತ್ತೆಂದು ಆಮೇಲೆ ತಿಳಿಯಿತು. ಬೆರಳುದ್ದದ ಎರಡು ಬಿಳಿ ತುಂಡು. ಶ್ರೀ ಇಲ್ಲದ ಜಾಗ ಮಾತ್ರ ಹೋಗಿ ಮುಟ್ಟಿತ್ತು.

ಬಿಳಿ ಕಾಗದ ಬಂದರೆ ಲೈನಿನ ತೊಂದರೆ ಎಂದು ಅಕ್ಕನಿಗೆ ರೂಢಿಯಾಗಿತ್ತು. ಅಮ್ಮ ಗೆರೆ ಎಳೆದದ್ದು ಬರಲಿಲ್ಲ, ತನ್ನ ಚುಕ್ಕಿಯೇ ಸರಿಯಾಗಿ ತಲುಪಿಲ್ಲವೇನೋ ಎಂದುಕೊಂಡಿರಬೇಕು. ಅದೇ ಹಾಳೆಯನ್ನು ಇನ್ನೊಮ್ಮೆ ಕಳಿಸಿದಳು.

ನಡುಮನೆಯಲ್ಲಿ ಹೆಂಗಸರು ಅಮ್ಮನ ಸುತ್ತ ಕೂತಿದ್ದರು. ಕೂಗುಮಾರಿ ಕೂಗಿತು.

"ಏನೇ ಅದು ಕೂಗ್ತಿರೋದು, ಇಂಥ ಹೊತ್ತಲ್ಲಿ?" ಎಂದರು ಎದುರು ಮನೆಯ ಅಜ್ಜಿ.

"ಅಕ್ಕ" ಎಂದೆ.

ಹಾಳೆ ಇಷ್ಟಿಷ್ಟೇ ಹೊರಗೆ ಬಂತು. ಒಂದು ಚುಕ್ಕಿಯೂ ಉದುರಿರಲಿಲ್ಲ. ಅಷ್ಟು ಚೆನ್ನಾಗಿ ಅದು ಯಾವತ್ತೂ ಬಂದಿರಲಿಲ್ಲ. ಅಜ್ಜಿ ನೋಡಿ, "ರಂಗೋಲಿನಾ? ಒಳಗಿಡಮ್ಮಾ, ಇವತ್ತು ಹೊರಗೆ ಬೇಡ" ಎಂದು ಮೆಲ್ಲಗೆ ಹೇಳಿದರು. ನಾನು ಒಳಗಿಡಲಿಲ್ಲ. ಮೆಷಿನ್ನಿನ ಮೇಲೆಯೇ ಬಿಟ್ಟೆ. ಆ ಚುಕ್ಕಿಗಳಿಗೆ ಉತ್ತರವಾಗಿ ನನ್ನ ಹಾಳೆಯನ್ನು ಮತ್ತೆ ಇಡಲು ಮನಸ್ಸು ಬರಲಿಲ್ಲ.

ಕಾರು ಬಂದಾಗ ಬಿಸಿಲು ವಾಲಿತ್ತು. ನಮ್ಮ ಮನೆಯವರಿಗೆ ದಾರಿಯುದ್ದಕ್ಕೂ ಹೇಳಲಾಗಿರಲಿಲ್ಲ. ಅಮ್ಮನಿಗೆ ಹುಷಾರಿಲ್ಲ ಎನ್ನುವಂತೆ ಹಣೆ ಮುಟ್ಟಿ ತೋರಿಸಿದ್ದರಂತೆ. ಅಕ್ಕ ಚೀಲ ಹಿಡಿದು ಇಳಿದಳು. ಚೀಲದ ಬಾಯಲ್ಲಿ ಸ್ಕೆಚ್ ಪೆನ್ನುಗಳ ತಲೆ ಕಾಣುತ್ತಿತ್ತು. ಬಿರಬಿರನೆ ಬಂದವಳು ಬಾಗಿಲ ಹತ್ತಿರ ನಿಂತುಬಿಟ್ಟಳು. ಕೆಳಗೆ ನೋಡಿದಳು. ತೊಳೆದ ನೆಲ. ಅದರ ಮೇಲೆ ಕಾಲಿಡದೆ ಎಷ್ಟೋ ಹೊತ್ತು ನಿಂತಳು. ಯಾರೂ ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ.

ಒಳಗೆ ಬಂದು ಅಮ್ಮನ ಮುಖ ನೋಡಿದಳು, ಕೆನ್ನೆ ಸವರಿದಳು. ಅತ್ತಳು. ಅವಳ ಅಳು ಅವಳಿಗೆ ಕೇಳುವುದಿಲ್ಲ, ಹಾಗಾಗಿ ಅದಕ್ಕೆ ಅಳತೆ ಇರುವುದಿಲ್ಲ. ಬೀದಿಯವರೆಲ್ಲ ಹೊರಗೆ ಬಂದರು. ಆಮೇಲೆ ಎದ್ದು ಮುಂದಿನ ಕೋಣೆಗೆ ಹೋಗಿ ಹಾಳೆ ತಂದಳು. ಬೆಳಗಿನದು ಮಂಚದ ಮೇಲಿತ್ತು, ಅದನ್ನೂ ತೆಗೆದಳು. ಎರಡನ್ನೂ ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಹರವಿ, ಮೂಲೆಗಳನ್ನು ಕೈಯಲ್ಲಿ ಒತ್ತಿಕೊಂಡು ಕೂತಳು. ಪೆನ್ನು ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

ನಂಗಲಿಯ ಈಚೆಗೆ ಬಂದ ಮೇಲೆ ಭಾವನಿಗೆ ಸುದ್ದಿ ಮುಟ್ಟಿ, ಅವರೂ ಬಂದರು. ಅಕ್ಕನ ಪಕ್ಕ ಕೂತು ಹಾಳೆಯ ಮೂಲೆಯೊಂದನ್ನು ತಾವೂ ಒತ್ತಿ ಹಿಡಿದರು.

ವೈಕುಂಠ ಸಮಾರಾಧನೆಯ ದಿನ ಬಾಗಿಲಿಗೆ ಮತ್ತೆ ರಂಗೋಲಿ ಇಡಬೇಕು. ಅಕ್ಕ ಬೆಳಗ್ಗೆ ಎದ್ದು ಸಾರಿಸಿ ಚುಕ್ಕಿ ಇಟ್ಟಳು, ಸಾಸಿವೆಯಷ್ಟು ಸಣ್ಣವು, ಹಿಂದಿನ ಹಾಗೆ. ಇಟ್ಟು ಪಕ್ಕಕ್ಕೆ ಸರಿದು ರಂಗೋಲಿ ಪುಡಿಯ ಬಟ್ಟಲನ್ನು ನನಗೆ ಚಾಚಿದಳು. ನಾನು ಎಳೆದೆ. ಎಲ್ಲೋ ತಪ್ಪಿದೆ. ಅಮ್ಮನಾಗಿದ್ದರೆ ಬಾಗಿ ಒರೆಸುತ್ತಿದ್ದಳು. ಅಕ್ಕ ಒರೆಸಲಿಲ್ಲ. ಚೆನ್ನಾಗಿದೆ ಎನ್ನುವ ಹಾಗೆ ನನ್ನ ತಲೆ ಮುಟ್ಟಿದಳು. ಆ ತಪ್ಪು ಗೆರೆ ಸಮಾರಾಧನೆಗೆ ಬಂದವರ ಕಾಲಿಗೆ ಸಿಕ್ಕಿ ಅಳಿಯುವವರೆಗೂ ಹಾಗೇ ಇತ್ತು.

ಊರಿಗೆ ಹೋದ ಮೇಲೂ ಅವಳ ಹಾಳೆ ಬರುತ್ತಿತ್ತು. ನಾನು ಅಮ್ಮನ ಮೊರವನ್ನೇ ಬೋರಲು ಹಾಕಿಕೊಂಡು ಗೆರೆ ಎಳೆದು ಕಳಿಸುತ್ತಿದ್ದೆ. ಯಾವ ಸಾಲು ಒಳಗೆ ಸರಿದಿದೆ, ಎಲ್ಲಿ ಒಂದು ಬಿಟ್ಟಿದ್ದಾಳೆ ಎಂದು ಅಳತೆಪಟ್ಟಿ ಇಟ್ಟು ನೋಡಿದ್ದೂ ಉಂಟು. ಅವಳತ್ತೆ ತೀರಿಕೊಳ್ಳುವ ಹಿಂದಿನ ದಿನ ಬಂದ ಚುಕ್ಕಿಗಳಿಗೆ ನಾನು ಕಮಲ ಎಳೆದು ಕಳಿಸಿದ್ದೆ. ಆ ಚುಕ್ಕಿಗಳು ಏನು ಹೇಳುತ್ತಿದ್ದವೋ. ಬರಬರುತ್ತಾ ಹಾಳೆಗಳು ದಿನ ಬಿಟ್ಟು ದಿನ, ವಾರಕ್ಕೊಂದು, ಹಬ್ಬಕ್ಕೊಂದು ಆದವು.

ಕೊನೆಯದಾಗಿ ಬಂದದ್ದು ಒಂದು ಬಿಳಿ ಹಾಳೆ. "ತಿರುಗುಮುರುಗಾಗಿ ಇಟ್ಟಿರ್ಬೇಕು, ಇನ್ನೊಂದ್ಸಲ ಕಳ್ಸೋಕೆ ಹೇಳು" ಎಂದರು ನಮ್ಮ ಮನೆಯವರು. ಮೊದಲ ದಿನವೊಂದನ್ನು ಬಿಟ್ಟರೆ ಅಕ್ಕ ಯಾವತ್ತೂ ಹಾಳೆಯನ್ನು ತಪ್ಪಾಗಿ ಇಟ್ಟವಳಲ್ಲ. ಇನ್ನು ರಂಗೋಲಿ ಇಲ್ಲ ಎಂದೇ ನಾನು ಓದಿಕೊಂಡೆ, ಕೇಳಲಿಲ್ಲ. ಮರುದಿನ ಕೂಗುಮಾರಿ ಕೂಗಲಿಲ್ಲ, ಆಮೇಲೂ ಇಲ್ಲ. ಡಬ್ಬದ ಸಿಮ್ ತೆಗೆದು ಭಾವ ಮಾವಿನ ಮಂಡಿಯಲ್ಲಿ ಬಳಸತೊಡಗಿದರು.

ಅಕ್ಕ ಈಗಲೂ ಅಮ್ಮನ ತಿಥಿಗೆ ಬರುತ್ತಾಳೆ. ಊಟಕ್ಕೆ ಎಲೆ ಹಾಕುತ್ತಾಳೆ, ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ. ಅಂಗಳಕ್ಕೆ ಕೈ ಹಿಡಿದು ಎಳೆಯುವುದಿಲ್ಲ. ಹೋದ ಸಲ ಅವಳಿಗೆ ತೋರಿಸೋಣವೆಂದು ಬೀರುವಿನ ಮೇಲಿಂದ ಆ ಹಾಳೆಗಳ ಕಟ್ಟು ಇಳಿಸಿದೆ. ಆ ಕಾಗದದ ಗುಣವೇ ಅಷ್ಟಂತೆ, ಶಾಖದಲ್ಲಿ ಮೂಡಿದ್ದು ವರ್ಷಗಳಲ್ಲಿ ಮಾಸುತ್ತದೆ. ಅಕ್ಕನ ಚುಕ್ಕಿಗಳೆಲ್ಲ ಹೋಗಿದ್ದವು. ಅಮ್ಮನೂ ಆಮೇಲೆ ನಾನೂ ಪೆನ್ನಿನಲ್ಲಿ ಎಳೆದ ಗೆರೆಗಳು ಮಾತ್ರ ಉಳಿದು, ಯಾವ ಚುಕ್ಕಿಯನ್ನೂ ಸುತ್ತದೆ ಸುಮ್ಮನೆ ತಿರುಗುತ್ತಿದ್ದವು. ಅಡಿಯಲ್ಲಿ ಅಮ್ಮ ಗೆರೆ ಎಳೆಯದ ಆ ಎರಡು ಹಾಳೆ, ಅಕ್ಕ ಕೊನೆಗೆ ಕಳಿಸಿದ ಬಿಳಿ ಹಾಳೆ ಇದ್ದವು. ಮೂರೂ ಒಂದೇ ಥರ ಆಗಿದ್ದವು. ಅಕ್ಕ ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಮೂರರಲ್ಲಿ ಒಂದನ್ನು ಬದಿಗಿಟ್ಟು, ಉಳಿದೆರಡನ್ನು ನನಗೆ ವಾಪಸು ಕೊಟ್ಟಳು. ಯಾವುದನ್ನು ಇಟ್ಟುಕೊಂಡಳೆಂದು ನನಗೆ ತಿಳಿಯಲಿಲ್ಲ.